ಗೇಣಿನ ಕೋಟು

ಆಳಂದದಲ್ಲಿ ದರ್ಜಿ ಶರಫುದ್ದೀನ ಮಾಸ್ತರರು ಹೊಲಿದ ಅಂಗಿಯ ಗುಂಡಿ ಕಿತ್ತದ್ದನ್ನು ಕಂಡವರಿಲ್ಲ. ಒಮ್ಮೆ ಒಬ್ಬ ಪೈಲ್ವಾನ ಅವರ ಅಂಗಿ ತೊಟ್ಟು ಸೀನಿದನಂತೆ. ಎದುರಿನ ಅಂಗಡಿಯ ಶಟರ್ ತಾನಾಗಿ ಕೆಳಗಿಳಿಯಿತೇ ಹೊರತು ಗುಂಡಿ ಅಲುಗಲಿಲ್ಲ. ಇದಕ್ಕೆ ಸಾಕ್ಷಿ ಸ್ವತಃ ಮಾಸ್ತರರು.

ಇಂಥವರ ಬಾಳಿನಲ್ಲಿ ಕೆಟ್ಟದ್ದು ಒಂದೇ ಒಂದು ಕೋಟು. ಅದೂ ಅಮೋಘಸಿದ್ದ ಅತನೂರರದು. ಹಾರುವ ಕೋಟೆ, ಭೀಮೆಯ ತಳದಲ್ಲಿ ದರ್ಬಾರು ನಡೆಸುವ ಮೊಸಳೆ ರಾಜ, ಇಂಥ ಮಾಯಾಲೋಕದ ಕಾದಂಬರಿ ಬರೆದು ನಾಡಿನ ಹುಡುಗರ ನಿದ್ದೆ ಕೆಡಿಸಿದ ಅದೇ ಅತನೂರರು. ಹೈಸ್ಕೂಲಿನಲ್ಲಿ ಮಾಸ್ತರರದೂ ಅವರದೂ ಒಂದೇ ಬೆಂಚು. ಅತನೂರರು ಬರೆಯಲು ಕೂತರೆ ಅತನೂರು ಹಳ್ಳಿಯ ತಮ್ಮ ಮನೆ ಬಿಟ್ಟು ಕದಲುತ್ತಿರಲಿಲ್ಲ. ಕಾಲಿಗೆ ಬೇರು ಬಿಟ್ಟಿದ್ದರಿಂದ ಮನೆಯವರು ದಿನಾ ಬುಡಕ್ಕೆ ನೀರು ಹಾಕುತ್ತಿದ್ದರೆಂದು ಮಾಸ್ತರರ ಅಂಬೋಣ.

ಕಲಬುರಗಿಯಲ್ಲಿ ದೊಡ್ಡ ಸನ್ಮಾನ ಗೊತ್ತಾದಾಗ ಕೋಟು ಬೇಕಾಯಿತು. ಬಂದು ಅಳತೆ ಕೊಡುವ ಬದಲು ಅತನೂರರು ಕಾರ್ಡು ಬರೆದರು: ಎದೆ ಇಷ್ಟು ಗೇಣು, ತೋಳು ಇಷ್ಟು ಗೇಣು. ಮಾಸ್ತರರೂ ಗೇಣು ಹಾಕಿಯೇ ಬಟ್ಟೆ ಕತ್ತರಿಸಿದರು, ತಮ್ಮ ಗೇಣು. ಅತನೂರರದೋ ರೊಟ್ಟಿ ಹಂಚಿನಷ್ಟು ಅಗಲದ ಅಂಗೈ. ಮಾಸ್ತರರದು, ದೇವರು ಮಣ್ಣು ಮುಗಿಯುತ್ತ ಬಂದಾಗ ಸೂಜಿ ಹಿಡಿಯಲಿಕ್ಕೆ ಸಾಕು ಎಂದು ಮಾಡಿದ ಕೈ.

ಬಸ್ಸಿನಲ್ಲಿ ಕಳಿಸಿದ ಕೋಟು ಸನ್ಮಾನದ ದಿನವೇ ಮುಟ್ಟಿತು. ಬೇರೆ ಕೋಟಿಲ್ಲದೆ ಅತನೂರರು ಅದರೊಳಗೇ ಹೇಗೋ ಹೊಕ್ಕು ವೇದಿಕೆ ಹತ್ತಿದರು. ಮರುದಿನವೇ ಕಾರ್ಡು ಬಂತು: "ಶರಫೂ, ಜನರಿಗೆ ಕೈ ಮುಗಿಯಲು ಹೋದೆ. ಕೋಟಿನ ಬೆನ್ನು ಹರಿದ ಸದ್ದನ್ನು ಚಪ್ಪಾಳೆ ಎಂದು ತಿಳಿದು ಎಲ್ಲರೂ ತಟ್ಟಿದರು."

ಅಲ್ಲಿಂದ ವರ್ಷಗಟ್ಟಲೆ ಕಾರ್ಡಿನ ಮೇಲೆ ಕಾರ್ಡು. ಕೈಗೆ ಮೊಬೈಲು ಬಂದ ಮೇಲೂ ಅತನೂರರು ಕಾರ್ಡಿನಲ್ಲೇ ಬೈದರು. ಫೋನಿನಲ್ಲಿ ಬೈದದ್ದು ಗಾಳಿಗೆ ಹೋಗುತ್ತದೆ ಎಂಬುದು ಅವರ ವಾದ. "ನಿನ್ನ ಕೈ ಅಷ್ಟು ದೊಡ್ಡದಿದ್ದದ್ದು ನನ್ನ ಗುನ್ಹೆ ಏನು?" ಎಂದು ಮಾಸ್ತರರೂ ಬರೆಯುತ್ತಿದ್ದರು.

ಅತನೂರರು ತೀರಿಹೋದ ಎರಡು ವರ್ಷಕ್ಕೆ, ಅವರ ಪತ್ರಗಳ ಸಂಪುಟ ತರಲು ಜಯಮಾಲಾ ಎಂಬ ಸಂಪಾದಕಿ ಆಳಂದಕ್ಕೆ ಬಂದಳು. ಚಹಾದಂಗಡಿ ಧರ್ಮಣ್ಣ "ನಿನ್ನ ಚಹಾ ಚಲೋ ಇತ್ತು" ಎಂದು ಅತನೂರರು ಬರೆದಿದ್ದ ಒಂದು ಸಾಲಿನ ಕಾರ್ಡನ್ನು ಅವಳಿಗೆ ಕೊಟ್ಟು, ಅಂದಿನಿಂದ ನೆಲಕ್ಕೆ ಕಾಲೂರದೆ ಓಡಾಡುತ್ತಿದ್ದ.

"ಚಾಚಾ, ನಿಮ್ಮ ಹತ್ರ ಗಂಟೇ ಅದಂತಲ್ರಿ," ಅಂದಳು ಜಯಮಾಲಾ.

"ಅದ ಬೇಟಿ. ಕೋಟಿನ ಸುದ್ದಿ ಬಿಟ್ಟು ಉಳಿದದ್ದು ಹಾಕು."

ಅವಳು ಕೂತು ಓದಿದಳು. ನಕ್ಕೂ ನಕ್ಕೂ ಕನ್ನಡಕ ಒರೆಸಿಕೊಂಡಳು. ಆಸ್ಪತ್ರೆಯಿಂದ ಬರೆದ ಕೊನೆಯ ಕಾರ್ಡಿಗೆ ಮಾತ್ರ ನಗಲಿಲ್ಲ: "ಶರಫೂ, ಸೊರಗಿದ್ದೇನೆ. ಈಗ ನಿನ್ನ ಕೋಟು ಎದೆಗೆ ಬರೋಬ್ಬರಿ ಕೂರುತ್ತದೆ. ಹಿಗ್ಗಬೇಡ, ತೋಳು ಇನ್ನೂ ಗಿಡ್ಡ."

"ಚಾಚಾ, ಕೋಟಿನ ಸುದ್ದಿ ಬಿಟ್ರ 'ಶರಫೂ' ಮತ್ತ 'ನಿನ್ನ ಅಮೋಘ' ಇಷ್ಟ ಉಳೀತದ."

"ಅಷ್ಟ ಹಾಕು."

"ಹಂಗ ಬರಲ್ರಿ. ಹಾಕಿದ್ರ ಪೂರಾ, ಇಲ್ಲಾಂದ್ರ ಇಲ್ಲ. ನಾಳಿ ಹೋಗ್ತೇನಿ, ವಿಚಾರ ಮಾಡ್ರಿ."

ಮಧ್ಯಾಹ್ನದ ಊಟಕ್ಕೆ ಕೂತ ಮಾಸ್ತರರಿಗೆ ತುತ್ತು ಇಳಿಯಲಿಲ್ಲ.

"ಆಳಂದದ ದರ್ಜಿಗಿ ಅಳತಿ ಬರಲ್ಲಂತ ದುನಿಯಾ ಎಲ್ಲಾ ಓದ್ತದ," ಅಂದರು ಹೆಂಡತಿಗೆ.

"ಹಂಗಾರ ಕೊಡಬ್ಯಾಡ್ರಿ," ಅಂದಳು ಕರೀಮುನ್ನಿಸಾ, ಪಲ್ಯ ಬಡಿಸುತ್ತ. "ಧರ್ಮಣ್ಣನ ಚಹಾ ಪುಸ್ತಕದಾಗ ಇರಲಿ, ನೀವು ಪೆಟಿಗ್ಯಾಗ ಇರ್ರಿ."

"ನಾ ಇಲ್ಲಿ ಸಾಯಾಕತ್ತೇನಿ, ನಿನಗ ಚ್ಯಾಷ್ಟಿ."

"ಅಷ್ಟ ದೊಡ್ಡ ಮನಷ್ಯಾಗ ಬೈಯಾಕ ಬ್ಯಾರೆ ಯಾರೂ ಸಿಗಲಿಲ್ಲೇನ್ರಿ? ದವಾಖಾನ್ಯಾಗ ಮಲಗಿದಾಗೂ ನೀವೇ ಬೇಕಾದ್ರಿ."

ಮಾಸ್ತರರು ತಾಟು ಹತ್ತಿರಕ್ಕೆ ಎಳೆದುಕೊಂಡರು. ರೊಟ್ಟಿ ಮುರಿದರು. ಮತ್ತೆ ಎರಡು ಹಾಕಿಸಿಕೊಂಡರು.

ಮರುದಿನ ಗಂಟನ್ನು ಜಯಮಾಲಾಳ ಕೈಗಿಟ್ಟರು. "ಪೂರಾ ಹಾಕು. ಒಂದು ಬೈಗುಳ ಸುದಾ ಬಿಡಬ್ಯಾಡ. ಆದ್ರ ಕೆಳಗ ನನ್ನ ಅಂಗಡಿ ವಿಳಾಸ ಇರಬೇಕು. ಯಾರಿಗರ ನನ್ನ ಕೈ ಮ್ಯಾಲ ಸಂಶಯ ಇದ್ರ ಬಂದು ಹೊಲಿಸಿ ನೋಡಲಿ."

ಸಂಪುಟ ಹೊರಬಂತು. ತಲೆದಿಂಬಿಗೆ ಹಾಕಿಕೊಂಡರೆ ಕುತ್ತಿಗೆ ಉಳುಕುವಷ್ಟು ದಪ್ಪ. ಅದರ ಅಡಿಟಿಪ್ಪಣಿಗಳಲ್ಲಿ ಪುರಾಣವಿದೆ, ಇತಿಹಾಸವಿದೆ. ಒಂದರಲ್ಲಿ ಮಾತ್ರ ಹೀಗಿದೆ: "ಶರಫುದ್ದೀನ: ಲೇಖಕರ ಗೆಳೆಯ, ದರ್ಜಿ. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿ, ಆಳಂದ. ಮದುವೆಯ ಕೋಟು, ಶೇರವಾನಿ ಹೊಲಿಯಲಾಗುತ್ತದೆ. ಶುಕ್ರವಾರ ರಜೆ."

ತಿಂಗಳೊಳಗೆ ಜೇವರ್ಗಿಯಿಂದ ಒಬ್ಬ ತರುಣ ಸಂಪುಟವನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. "ಮಾಸ್ತರ್ರಿ, ಅತನೂರ ಸಾಹೇಬರಿಗಿ ಹೊಲಿದಂಥಾದ್ದೇ ನನಗೂ ಬೇಕು. ಅಷ್ಟ ಗಿಡ್ಡ."

ಮಾಸ್ತರರು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಕೆಡಿಸಿ ಹೊಲಿಯೂದಕ್ಕ ರೇಟು ಡಬ್ಬಲ್ ಅದ," ಅಂದರು. "ಕುಂದರು, ಚಹಾ ತರಸ್ತೇನಿ."