ಅಸೆಂಬ್ಲರ್ ಆರಿಸುತ್ತ ಕುಳಿತವನು

ಒಂದು ಪೆನ್ನು ಕೊಳ್ಳಲು ಹೋದರೆ, ಅಂಗಡಿಯವನು ಇಟ್ಟ ಚೀಟಿಯ ಮೇಲೆ ಹತ್ತು ಪೆನ್ನುಗಳಿಂದ ಗೀಚಿ, ಹನ್ನೊಂದನೆಯದನ್ನೂ ಅನುಮಾನದಿಂದ ನೋಡಿ, ಬರಿಗೈಯಲ್ಲಿ ಹಿಂದಿರುಗುವವರ ಪೈಕಿ ನಾನು. ಇದು ವಂಶಪಾರಂಪರ್ಯವಾಗಿ ಬಂದದ್ದು. ನಮ್ಮಪ್ಪ ಕುಷ್ಟಗಿಯ ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ, ಮೈಮೇಲಿನ ಸುಳಿ ಹುಡುಕಿ, ನಾಲ್ಕು ಹೆಜ್ಜೆ ನಡೆಸಿ, “ಮುಂದಿನ ವಾರ ನೋಡೂಣು” ಎಂದು ಬಂದುಬಿಡುತ್ತಿದ್ದರು. ಕೊಳ್ಳದೆ ಬಂದ ದಿನವೇ ಮನೆಯಲ್ಲಿ ಅವರ ಜಾಣತನದ ಪ್ರಶಂಸೆ ಹೆಚ್ಚು.

ಕೊಪ್ಪಳದಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತನಾದ ನನ್ನ ಬಳಿಗೆ, ಯಲಬುರ್ಗಾದಲ್ಲಿ ಗಣಿತ ಕಲಿಸಿ ನಿವೃತ್ತರಾದ ಗೆಳೆಯ ಹನುಮಪ್ಪ ಮಾಸ್ತರರು ಎರಡು ವರ್ಷದ ಹಿಂದೆ ಬಂದರು.

“ಸಕ್ಕರಿ ಬ್ಯಾನಿ ಕಣ್ಣಿಗೆ ಇಳದೈತಂತ್ರಿ ಸರ. ಕಣ್ಣು ಇರೂದ್ರಾಗ ಆ ಕಂಪ್ಯೂಟರ್ ಒಳಗ ಹೆಂಗ ಲೆಕ್ಕಾ ಮಾಡ್ತೈತಿ, ಒಮ್ಮೆ ನೋಡಬೇಕು.”

ಯಂತ್ರದ ಒಳಮನೆಗೆ ತೀರ ಹತ್ತಿರದ ಭಾಷೆ ಅಸೆಂಬ್ಲಿ. ನಾವು ಅದರಲ್ಲಿ ಬರೆದದ್ದನ್ನು ಸೊನ್ನೆ ಒಂದುಗಳಾಗಿ ಮಾರ್ಪಡಿಸುವ ತಂತ್ರಾಂಶ ಅಸೆಂಬ್ಲರ್. “ಯಾವ್ದರ ಒಂದು ಹಾಕಿಕೊಡ್ರಿ” ಎಂದರು ಅವರು. ನಾನು ಅಪ್ಪನ ಮಗ. “ತಡೀರಿ ಸರ, ಛಲೋದು ಆರಿಸಿ ಕೊಡ್ತೀನಿ” ಎಂದೆ.

ನ್ಯಾಸ್ಮ್, ಮ್ಯಾಸ್ಮ್, ಫ್ಯಾಸ್ಮ್ ಎಂದು ಒಂದೇ ಮನೆಯ ಅಣ್ಣತಮ್ಮಂದಿರಂಥ ಹೆಸರುಗಳು. ಮೊದಲ ದಿನವೇ ನ್ಯಾಸ್ಮ್ ಇಳಿಸಿಕೊಂಡಿದ್ದೆ. ಆದರೆ ಅದು ವಿಂಡೋಸ್‌ನಲ್ಲಿ ಸುಲಭವೋ ಲಿನಕ್ಸ್‌ನಲ್ಲೋ, ಇನ್ನೊಂದರ ಬರವಣಿಗೆ ಹೆಚ್ಚು ಶುದ್ಧವೋ, ಮತ್ತೊಂದಕ್ಕೆ ಒಳ್ಳೆಯ ಪಾಠಗಳಿವೆಯೋ ಎಂದು ಒಂದೊಂದರ ಸುಳಿಯನ್ನೂ ಹುಡುಕಿದೆ. ಎಪ್ಪತ್ತು ಪುಟಗಳ ತುಲನಾತ್ಮಕ ಟಿಪ್ಪಣಿಯನ್ನೇ ಬರೆದೆ. ಎರಡು ಅಂಕಿ ಕೂಡಿಸುವ ಎರಡು ಸಾಲು ಮಾತ್ರ ಬರೆಯಲಿಲ್ಲ. ಮಾಸ್ತರರು ಗಂಗಾವತಿಯ ಕಣ್ಣಿನ ಡಾಕ್ಟರರ ಬಳಿ ಸರದಿಯಲ್ಲಿ ಕೂತು ಫೋನಿನಲ್ಲಿ ಕೇಳಿದಾಗಲೂ, “ಇನ್ನೊಂದು ವಾರ” ಎಂದೆ. ಅವರು ಒತ್ತಾಯಿಸುವ ಮನುಷ್ಯರಲ್ಲ. ನನಗೆ ಅದೇ ಅನುಕೂಲವಾಯಿತೆಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಮೊನ್ನೆ ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೆ ಹೋದೆ. ಧ್ವನಿ ಕೇಳಿ ಗುರುತಿಸಿದರು. ಮುಖ ಮಾತ್ರ ನಾನು ನಿಂತ ಕಡೆಗಲ್ಲ, ಬಾಗಿಲ ಕಡೆಗಿತ್ತು.

“ಬರ್ರಿ ಸರ. ಯಾವ್ದು ಆರಿಸಿದ್ರಿ?”

“ನ್ಯಾಸ್ಮ್ ರಿ.” ಮೊದಲ ದಿನದ್ದೇ ಅದು ಎಂದು ಹೇಳುವ ಧೈರ್ಯವಾಗಲಿಲ್ಲ.

“ಹಂಗಾರ ಓದ್ರಿ, ಕೇಳ್ತೀನಿ.”

ಎರಡನ್ನು ಒಂದು ಕಡೆ ಇಡು, ಅದಕ್ಕೆ ಮೂರು ಕೂಡಿಸು ಎಂದು ಒಂದೊಂದೇ ಸಾಲು ಟೈಪಿಸುತ್ತ ಓದಿದೆ. ಅವರು ಮೊಣಕಾಲಿನ ಮೇಲೆ ಬೆರಳಿನಿಂದ ಬರೆದುಕೊಳ್ಳುತ್ತಿದ್ದರು.

“ಬಂತೇನ್ರಿ?”

“ಬಂತ್ರಿ. ಐದು.”

ಅವರು ನಕ್ಕರು. “ಇಷ್ಟ ಇತ್ತೇನ್ರಿ ಸರ?”

ಹೌದು, ಇಷ್ಟೇ ಇತ್ತು. ಅರ್ಧ ಗಂಟೆಯ ಕೆಲಸ. ಅವರು ನನ್ನನ್ನು ದೂರಿದ್ದರೆ ಸಮಾಧಾನವಾಗುತ್ತಿತ್ತು. ಮುಂದಿನ ಪಾಠ ಯಾವಾಗ ಎಂದಷ್ಟೇ ಕೇಳಿದರು. ನಾಳೆಯೇ ಎಂದೆ.

ಬರುವಾಗ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ, ಕೈಗೆ ಸಿಕ್ಕ ಪೆನ್ನೊಂದನ್ನು ಗೀಚದೆ ಕೊಂಡೆ. ಮನೆಗೆ ಬಂದು ನೋಡಿದರೆ ಚೆನ್ನಾಗಿಯೇ ಬರೆಯುತ್ತದೆ. ಸಂಕಟವಾದದ್ದು ಅದಕ್ಕೇ.