ಕುರಮೋಚಿಯವರ ಪುಟ

ಜಪಾನಿನ ಮತ್ಸುಯೆ ಊರಿನ ಶಾಲೆಗೆ ಮೇಷ್ಟ್ರಾಗಿ ನಾನು ಬಂದ ಮೊದಲ ಮಂಗಳವಾರ ನನ್ನ ಕಸದ ಚೀಲವನ್ನು ಮನೆಬಾಗಿಲಿಗೇ ಹಿಂದಕ್ಕೆ ತಂದು, "ಬಾಟಲಿಯ ಮುಚ್ಚಳ ತೆಗೆದು ಬೇರೆ ಹಾಕೇ ಇಲ್ವಲ್ಲ ಮೇಷ್ಟ್ರೇ, ಮಕ್ಕಳಿಗೆ ಏನು ಕಲಿಸ್ತೀರಿ?" ಎಂದವರು ಬೀದಿಯ ಸಂಘದ ಅಧ್ಯಕ್ಷ ಕುರಮೋಚಿಯವರು. ಈ ಕಾಲದವರ ಚಟಗಳನ್ನೂ ದುರ್ಗುಣಗಳನ್ನೂ ಗೇಲಿಮಾಡುವ ಪುಸ್ತಕವೊಂದು ಸದಾ ಅವರ ಕೈಯಲ್ಲಿರುತ್ತಿತ್ತು. ಪುಸ್ತಕದಂಗಡಿಯವರು ಹಾಕಿಕೊಟ್ಟ ಕಾಗದದ ಹೊದಿಕೆಯಿಂದಾಗಿ ಕಂಡವರು ಅದನ್ನು ಬೌದ್ಧಸೂತ್ರವೆಂದೇ ತಿಳಿಯುತ್ತಿದ್ದರು. ಆದರೆ ಸೂತ್ರ ಓದುವವರು ಹಾಗೆ ಹೊಟ್ಟೆ ಹಿಡಿದುಕೊಂಡು ನಗುವುದಿಲ್ಲ. "ಈ ಹೊಟ್ಟೆಬಾಕ ನಮ್ಮ ತೋಫು ಅಂಗಡಿಯವನೇ ಅಲ್ವೇನ್ರೀ! ಈ ಜಂಬಗಾತಿ ಹಲ್ಲಿನ ಡಾಕ್ಟರ ಹೆಂಡತಿ!" ಎನ್ನುತ್ತ ಅಂಚಿನಲ್ಲಿ ಪೆನ್ಸಿಲಿನಿಂದ ಅವರವರ ಹೆಸರು ಬರೆಯುವರು. ಒಂದು ದಿನ ಕುರಮೋಚಿಯವರ ಹೆಂಡತಿ ಸವಾಯೆ, "ನಿಮ್ಮ ಪುಟ ಯಾವುದೂಂತ ಹುಡುಕಿ, ಆಮೇಲೆ ನನ್ನ ಕರೀರಿ" ಎಂದು ಹೇಳಿ ಅಕ್ಕನ ಮನೆಗೆ ಹೊರಟುಹೋದರು. ಕಳೆದ ತಿಂಗಳು ಕುರಮೋಚಿಯವರೇ ಆ ಪುಸ್ತಕವನ್ನು ನನ್ನ ಕೈಗಿಟ್ಟರು. ಸೋಮಾರಿತನದ ಪುಟದಲ್ಲಿ ನನ್ನ ಹೆಸರಿತ್ತು. ಪರರ ತಪ್ಪು ಹುಡುಕುವವರ ಅಧ್ಯಾಯದಲ್ಲಿ ಮಾತ್ರ ಐದು ಹೆಸರುಗಳನ್ನು ಬರೆದು ಅಳಿಸಿ, ಕೊನೆಗೆ ಶಾಯಿಯಲ್ಲಿ ತಮ್ಮದನ್ನೇ ಬರೆದಿದ್ದರು. ಈಗ ಭಾನುವಾರವಾದರೆ ಸಾಕು, ರೈಲು ಹತ್ತಿ ಹೋಗಿ ಹೆಂಡತಿಯ ಅಕ್ಕನ ಮನೆಯ ಮುಚ್ಚಿದ ಬಾಗಿಲ ಮುಂದೆ ನಿಂತು ಅದೇ ಪುಟವನ್ನು ಗಟ್ಟಿಯಾಗಿ ಓದುತ್ತಾರೆ. "ಈ ಸಲವೂ ಬಾಗಿಲು ತೆಗೀಲಿಲ್ಲ ಮೇಷ್ಟ್ರೇ," ಎಂದರು ನಿನ್ನೆ, "ಆದ್ರೆ ಒಳಗಿಂದ ಅವಳ ನಗು ಕೇಳಿಸ್ತು."