ಎಲ್ಲರೂ ಎದ್ದ ಮೇಲೆ ಕೂರುವವಳು

ನಲವತ್ತು ದಾಟಿದ ಮೇಲೆ ಬಿ.ಎಡ್. ಸೇರಿದೆ. ತರೀಕೆರೆಯಿಂದ ಕಡೂರಿನ ಕಾಲೇಜಿಗೆ ದಿನಾ ಬಸ್ಸು. ತರಗತಿಯಲ್ಲಿ ಎಲ್ಲರಿಗೂ ನಾನು ಆಂಟಿ. ಮೊದಮೊದಲು ಮೈ ಉರಿಯುತ್ತಿತ್ತು. ನನಗಿಂತ ಚಿಕ್ಕವರಾದ ನಮ್ಮ ಮೇಡಂ ಕೂಡ ಒಮ್ಮೆ ಬಾಯಿತಪ್ಪಿ ಆಂಟಿ ಎಂದ ಮೇಲೆ ಸುಮ್ಮನಾದೆ.

ನಾಲ್ಕು ನಾಲ್ಕು ಜನರ ಗುಂಪು ಮಾಡಿ ಪ್ರೆಸೆಂಟೇಷನ್ ತಯಾರಿಸಲು ಹೇಳಿದರು. ನಮ್ಮ ಪಾಲಿಗೆ ಬಂದದ್ದು ಮಕ್ಕಳಿಗೆ ಭಿನ್ನರಾಶಿ ಕಲಿಸುವ ಬಗೆ. ಗುಂಪಿನಲ್ಲಿ ಅಜ್ಜಂಪುರದ ಹುಡುಗ, ಕಡೂರಿನ ಹುಡುಗಿ, ನನ್ನ ಜೊತೆ ತರೀಕೆರೆಯಲ್ಲೇ ಬಸ್ಸು ಹತ್ತುವ ಮುಸ್ಲಿಮರ ಮನೆಯ ಹುಡುಗಿ. ಕಾಲೇಜು ಬಿಟ್ಟ ಮೇಲೆ ಮೂರು ಊರಿನವರು ಒಂದೆಡೆ ಕೂರುವುದು ಆಗದ ಮಾತು. ಹುಡುಗ ಫೋನಿಗೆ ಲಿಂಕ್ ಕಳಿಸಿದ. ಅವರವರ ಮನೆಯಲ್ಲೇ ಕೂತು ಎಲ್ಲರೂ ಒಂದೇ ಫೈಲಿನಲ್ಲಿ ಬರೆಯಬಹುದಂತೆ. ಕೊನೆಗೆ ಅವರವರ ಭಾಗವನ್ನು ಅವರವರೇ ತರಗತಿಯ ಮುಂದೆ ನಿಂತು ಹೇಳಬೇಕು. ನನಗೆ ಬೇಕಾಗಿದ್ದೂ ಅದೇ. ಹತ್ತು ಜನರೆದುರು ನಿಂತು ಪಾಠ ಹೇಳಬೇಕು ಎಂಬ ಒಂದು ಆಸೆ ಮದುವೆಗೆ ಮುಂಚಿನಿಂದಲೂ ಮನಸ್ಸಿನಲ್ಲಿತ್ತು.

ಅಂದು ಸಂಜೆ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಫೈಲು ತೆರೆದೆ. ಮೂವರೂ ಆಗಲೇ ಒಳಗಿದ್ದರು. ಒಬ್ಬೊಬ್ಬರ ಹೆಸರೂ ಒಂದೊಂದು ಬಣ್ಣದ ಚೀಟಿಯಾಗಿ ಅಕ್ಷರಗಳ ನಡುವೆ ಓಡಾಡುತ್ತಿತ್ತು. ಯಾರದೋ ಮನೆಗೆ ಊಟದ ಹೊತ್ತಿನಲ್ಲಿ ನುಗ್ಗಿದಂತಾಯಿತು. ತಟ್ಟನೆ ಮುಚ್ಚಿಬಿಟ್ಟೆ. ಮಾರನೆಯ ಬೆಳಿಗ್ಗೆ ಹಾಲು ಕಾಯಲು ಇಟ್ಟು ನೋಡಿದೆ. ಯಾರೂ ಇರಲಿಲ್ಲ. ನಿರಾಳವಾಗಿ ಕೂತು ನನ್ನ ಸ್ಲೈಡ್ ಬರೆದೆ. ಆಮೇಲೆ ಅದೇ ಅಭ್ಯಾಸವಾಯಿತು.

ವಾರ ಕಳೆದಿರಬೇಕು. ಅಜ್ಜಂಪುರದ ಹುಡುಗ ಬಂದು, "ಆಂಟಿ, ನಿಮ್ ಭಾಗ ನಾನೇ ಹೇಳ್ಬಿಡ್ತೀನಿ. ನೀವು ಪಕ್ಕದಲ್ಲಿ ನಿಂತ್ಕೊಳ್ಳಿ ಸಾಕು" ಎಂದ. ಸಾಯಂಕಾಲ ಬಸ್ಸಿನಲ್ಲಿ ನಮ್ಮೂರ ಹುಡುಗಿ ಮೆಲ್ಲಗೆ ಕೇಳಿದಳು.

"ಬೇಜಾರ್ ಮಾಡ್ಕೋಬೇಡಿ ಆಂಟಿ. ನಿಮ್ ಸ್ಲೈಡು ಮಗಳು ಮಾಡ್ಕೊಡ್ತಾಳಾ?"

ಸಿಟ್ಟು ನೆತ್ತಿಗೇರಿತು. "ಅವಳಿಗೆ ಒಂದ್ ಕಾಯಿ ಒಡಿಯೋಕೆ ಬರಲ್ಲ ಕಣೇ! ಯಾರ್ ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ನಾವಿದ್ದಾಗ ನೀವು ಒಂದಿನಾನೂ ಕಾಣ್ಲಿಲ್ವಲ್ಲ. ಬೆಳಿಗ್ಗೆ ನೋಡಿದ್ರೆ ಎಲ್ಲಾ ಬರೆದಾಗಿರುತ್ತೆ."

"ನೀವೆಲ್ಲ ಕೂತಿರುವಾಗ ನಾನ್ ಹೆಂಗ್ ನುಗ್ಲಿ? ನೀವೆಲ್ಲ ಎದ್ದ ಮೇಲೆ ಬತ್ತೀನಿ."

ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನ ಮುಖ ನೋಡಿದಳು. "ನಮ್ ಅಮ್ಮೀನೂ ಹಿಂಗೇ ಆಂಟಿ. ಎಲ್ರೂ ಉಂಡೆದ್ದ ಮೇಲೇ ತಟ್ಟೆ ಹಾಕ್ಕೊಳ್ಳೋದು."

ನಾನು ಕಿಟಕಿಯ ಕಡೆ ತಿರುಗಿದೆ. ನಮ್ಮ ಮನೆಯಲ್ಲೂ ಹಾಗೆಯೇ. ಹಾಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಿರಲಿಲ್ಲ.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳಿಂದ ಮೆಸೇಜ್ ಬಂತು, ಈಗಲೇ ಫೈಲು ತೆರೆಯಿರಿ ಎಂದು. ತೆರೆದೆ. ಮೂರೂ ಬಣ್ಣಗಳು ನನ್ನ ಸ್ಲೈಡಿಗೆ ಬಂದು ಒಂದೇ ಸಾಲಿನಲ್ಲಿ ಅಲುಗಾಡದೆ ನಿಂತಿದ್ದವು. ಪಕ್ಕದ ಚಾಟಿನಲ್ಲಿ ಅವಳು ಬರೆದಿದ್ದಳು: "ಬನ್ನಿ ಆಂಟಿ, ಜಾಗ ಬಿಟ್ಟಿದೀವಿ. ನೀವು ಬರೆಯೋ ತನಕ ನಾವು ಏಳಲ್ಲ."

ಎದ್ದು ಹೋಗಿಬಿಡೋಣ ಎನಿಸಿತು. ಅಷ್ಟರಲ್ಲಿ ಕಡೂರಿನ ಹುಡುಗಿ ಬರೆದಳು: "ನಿಮ್ದು ಕಿತ್ತಳೆ ಬಣ್ಣ ಆಂಟಿ. ಚೆನ್ನಾಗ್ ಕಾಣುತ್ತೆ." ನನ್ನ ಬಣ್ಣ ನನಗೆ ಕಾಣುವುದಿಲ್ಲ, ಬೇರೆಯವರೇ ಹೇಳಬೇಕು. ಒಂದೇ ಬೆರಳಿನಲ್ಲಿ ಒತ್ತತೊಡಗಿದೆ. "ಕಾಯಿ ಒಡೆದರೆ ಎರಡು ಹೋಳು. ಎರಡೂ ಯಾವತ್ತೂ ಸಮ ಇರುವುದಿಲ್ಲ. ಹಾಗಾದರೆ ಒಂದು ಹೋಳನ್ನು ಅರ್ಧ ಎನ್ನಬಹುದೇ? ಮಕ್ಕಳನ್ನೇ ಕೇಳಿ." ಅಷ್ಟು ಬರೆಯಲು ನನಗೆ ಯುಗವೇ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ತಪ್ಪಾಗಿ ಒತ್ತಿದ್ದನ್ನು ನಾನೇ ಅಳಿಸುವವರೆಗೆ ಕಾದರು. ನನಗಾಗಿ ಹೀಗೆ ಯಾರಾದರೂ ಕಾದದ್ದು ನೆನಪಿಗೆ ಬರಲಿಲ್ಲ. ಕಣ್ಣು ತುಂಬಿ ಅಕ್ಷರಗಳು ಮಂಜಾದವು.

ಕೊನೆಗೆ ಅಜ್ಜಂಪುರದ ಹುಡುಗ ಬರೆದ: "ಸಾರಿ ಆಂಟಿ. ಇದನ್ನ ನೀವೇ ಹೇಳ್ಬೇಕು. ನಾನು ಪಕ್ಕದಲ್ಲಿ ಕಾಯಿ ಹಿಡ್ಕೊಂಡ್ ನಿಂತಿರ್ತೀನಿ."

ಉತ್ತರ ಬರೆಯುತ್ತಿದ್ದೆ. ನಡುಮನೆಯಿಂದ ಯಜಮಾನರು ಕೂಗಿದರು. "ಊಟಕ್ಕೆ ಬಡಿಸ್ತೀಯೇನೇ? ಹೊತ್ತಾಯ್ತು."

"ಅಡುಗೆ ಆಗಿದೆ, ನೀವೇ ಹಾಕ್ಕೊಳ್ಳಿ ಕಣ್ರೀ" ಎಂದೆ. "ಇಲ್ಲಿ ಮೂರು ಜನ ನನಗೋಸ್ಕರ ಕಾಯ್ಕೊಂಡ್ ಕೂತಿದಾರೆ."